ಸರದಾರ ಹೋರಿಯ ಲೆಕ್ಕ

ಘಾಟಬೋರಾಳ, ತಾ. ಹುಮನಾಬಾದ
೧೪ ನವೆಂಬರ್ ೧೯೭೯

ಪ್ರೀತಿಯ ಬಸವಣಪ್ಪನಿಗೆ, ಅಪ್ಪ ಅವ್ವನ ಹರಕೆ.

ಧಾರವಾಡದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಖಾನಾವಳಿಯ ರೊಟ್ಟಿ ಒಗ್ಗಿತೇ? ರೊಟ್ಟಿಗೆಂದು ಅವ್ವ ಕಳಿಸಿದ ಶೇಂಗಾ ಹಿಂಡಿ ಮುಗಿದಿದ್ದರೆ ಬರೆ. ನಾವು ಆರಾಮ ಇದ್ದೇವೆ. ಹಾಗೆಂದು ಬರೆದೆನಾದರೂ ನನ್ನ ತಲೆ ಮಾತ್ರ ಗೊಂದಲದ ಗೂಡಾಗಿದೆ.

ನಮ್ಮ ಸರದಾರನ ಸಂಗತಿ. ದೇವಣಿ ತಳಿಯ ಹೋರಿ ಎಂದರೆ ಹೀಗಿರಬೇಕು ಎಂದು ಹುಮನಾಬಾದಿನ ದನಗಳ ಪ್ರದರ್ಶನದಲ್ಲಿ ಹೊಗಳಿಸಿಕೊಂಡವನು. ಸುತ್ತಲಿನವರೆಲ್ಲ ತಮ್ಮ ಆಕಳುಗಳನ್ನು ಅವನ ಹತ್ತಿರವೇ ತರುತ್ತಿದ್ದರು. ಮೊನ್ನೆ ದನದ ಡಾಕ್ಟರು ಬಂದು, ನೀನು ಕೆಲಸ ಮಾಡುವ ಕಚೇರಿಯಲ್ಲೇ ಹೋರಿಗಳ ಲೆಕ್ಕ ಹಾಕಿದ್ದಾರೆ, ಸರದಾರ ಕೆಳಗಿನ ಸಾಲಿನಲ್ಲಿದ್ದಾನೆ, ಬೀಜ ಒಡೆಸಿಬಿಡುವುದು ಒಳ್ಳೆಯದು ಎಂದರು. “ಹೋರಿ ಹಾಲು ಕೊಡ್ತದೇನ್ರಿ?” ಎಂದೆ. “ಅದರ ಮಗಳಂದಿರು ಕಮ್ಮಿ ಕೊಡಾಕತ್ತಾವರಿ” ಎಂದರು. ಬಡವರ ಮನೆಯ ಒಣ ಜೋಳದ ಕಣಿಕೆ ತಿಂದರೆ ಇನ್ನೆಷ್ಟು ಕೊಟ್ಟಾವು ಎಂದು ವಾದಿಸಿದೆ. “ಅದನ್ನೂ ಲೆಕ್ಕಕ್ಕ ಹಿಡದಾರ್ರಿ. ಅದೇ ಮನ್ಯಾಗ ಅದೇ ಮೇವು ತಿಂದ ಬ್ಯಾರೆ ಆಕಳ ಜೋಡಿನ ತೂಗ್ಯಾರ.” ಮಗಳಂದಿರು ಕಡಿಮೆ ಇದ್ದರೆ ಆ ಹೋರಿಯ ಅಂಕಿಯನ್ನು ಪೂರ್ತಿ ನಂಬದೆ ಸರಾಸರಿಯ ಕಡೆಗೆ ಜಗ್ಗಿ ಬರೆಯುತ್ತಾರಂತೆ. ಸರದಾರನಿಗೆ ಮಗಳಂದಿರು ಬಹಳ, ಅದಕ್ಕೇ ಜಗ್ಗಲಿಲ್ಲವಂತೆ. ಹಾಗಾದರೆ ಸಂತಾನ ಹೆಚ್ಚಾದದ್ದೇ ಅವನಿಗೆ ಮುಳುವಾಯಿತೇ? ನನಗೆ ತಿಳಿಯಲಿಲ್ಲ.

ಕಣ್ಣಾರೆ ನೋಡೋಣವೆಂದು ಬಸವಕಲ್ಯಾಣದ ಬಸ್ಸು ಹಿಡಿದು ಮೋರಖಂಡಿಗೆ ಹೋದೆ. ಅಲ್ಲಿ ಕೂಲಿ ಮಾಡುವ ಗಯಾಬಾಯಿಯ ಮನೆಯಲ್ಲಿ ಸರದಾರನ ಮಗಳೂ ಇನ್ನೊಂದು ಆಕಳೂ ಒಂದೇ ಗ್ವಾದಲಿಯಲ್ಲಿ ಮೇಯುತ್ತಿದ್ದವು. ಎರಡೂ ಒಂದೇ ಹಂಗಾಮಿನಲ್ಲಿ ಕರು ಹಾಕಿದವು. ನನ್ನೆದುರೇ ಎರಡನ್ನೂ ಹಿಂಡಿದಳು. ನಮ್ಮದರ ಚರಿಗೆ ತುಂಬಲಿಲ್ಲ. “ಹಾಲು ಕಮ್ಮಿ ಖರೇರಿ, ಸಾವಕಾರ್ರ. ಆದ್ರ ಇಕಿ ಮೊದಲನೇ ಸೂಲಿನ್ಯಾಗ ಹಾಕಿದ ಹೋರಿಗರಾನ ಈಗ ಬೆಳದು ನಮ್ಮ ಗಾಡಿ ಎಳ್ಯಾಕತ್ತದ” ಎಂದಳು. ಅದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ಬರುವಾಗ ಬಸ್ಸಿನಲ್ಲಿ ಒಮ್ಮೆ ಡಾಕ್ಟರು ಸರಿ ಎನಿಸಿತು, ಒಮ್ಮೆ ಗಯಾಬಾಯಿ. ಆದರೂ ನಮ್ಮ ಹೋರಿಯ ಹೆಸರು ನಂಬಿ ಇನ್ನೊಬ್ಬರ ಮನೆಯಲ್ಲಿ ಹಾಲು ಕಡಿಮೆಯಾಗಬಾರದಲ್ಲ.

ನಿನ್ನೆ ಬೀಜ ಒಡೆಸಿದೆ. ಡಾಕ್ಟರು ಬಲವಂತ ಮಾಡಲಿಲ್ಲ. ಒಪ್ಪಿದವನು ನಾನೇ, ಮೂಗುದಾರ ಹಿಡಿದು ನಿಂತವನೂ ನಾನೇ. ಸರಿಯೋ ತಪ್ಪೋ ಈಗಲೂ ಹೇಳಲಾರೆ. ತಾಯಿ ಸತ್ತಾಗ ಕರುವಾಗಿದ್ದ ಸರದಾರನನ್ನು ಕೈಯಾರೆ ಹಾಲು ಕುಡಿಸಿ ಸಾಕಿದ ನಿನ್ನ ಅವ್ವ ಬೆಳಿಗ್ಗೆಯೇ ಮಾಣಿಕನಗರದ ಪ್ರಭುಗಳ ಗುಡಿಗೆ ಹೋಗಿ, ಎಲ್ಲ ಮುಗಿದ ಮೇಲೆ ಬಂದಳು. ಅವನಿಗೆ ಅರಿಸಿನ ಅರೆದು ಹಚ್ಚಿದಳು. ಊಟ ಮಾಡಲಿಲ್ಲ.

ಮೈಮೇಲೆ ಎಚ್ಚರವಿರಲಿ. ಪ್ರಭುಗಳು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಮಹಾರುದ್ರಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು. ಅವ್ವ ಒಂದೇ ಮಾತು ಕೇಳಿದಳು: “ಆ ಲೆಕ್ಕ ಹಾಕಿದವ ನಮ್ಮ ಬಸವಣಪ್ಪನ ಏನು?” ಗೊತ್ತಿಲ್ಲ ಎಂದಿದ್ದೇನೆ. ನೀನೇ ಆಗಿದ್ದರೂ ನನಗೆ ಸಿಟ್ಟಿಲ್ಲ. ಆದರೆ ಕಾಗದದಲ್ಲಿ ಬರೆಯಬೇಡ. ಅವಳಿಗೆ ಓದಿ ಹೇಳುವವನು ನಾನು, ಇದ್ದದ್ದನ್ನು ಬಿಟ್ಟು ಓದಲು ನನಗೆ ಬರುವುದಿಲ್ಲ. ರಜೆ ಹಾಕಿ ಬಾ. ಅವಳೆದುರು ಕುಳಿತು ನೀನೇ ಹೇಳು.