ರಿಜಿಸ್ಟ್ರಾರ್ ಕಚೇರಿಗೆ ನೀವು ಬಂದ ದಿನ

ಉಪ್ಪಾ,

ಇವತ್ತು ಕಾಸರಗೋಡಿಗೆ ಹೋಗಿ, ನಮ್ಮ ಜಾಗದ ಕೇಸನ್ನು ಊರಿನ ಠಾಣೆಯಿಂದ ಕ್ರೈಂ ಬ್ರಾಂಚಿಗೆ ವರ್ಗಾಯಿಸಬೇಕೆಂದು ಎಸ್ಪಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದೆ. ನೀವು ಶಾರ್ಜಾದಲ್ಲಿ ತೀರಿಹೋಗಿ, ನಿಮ್ಮನ್ನು ಅಲ್ಲೇ ದಫನ ಮಾಡಿ ವರ್ಷಗಳಾದವು. ಆದರೂ ಕಳೆದ ವರ್ಷ ಯಾರೋ ತಾನೇ ಕೋಯ ಎಂದು ನಿಮ್ಮ ಹೆಸರು ಹೇಳಿಕೊಂಡು ರಿಜಿಸ್ಟ್ರಾರ್ ಕಚೇರಿಗೆ ಬಂದು ವರ್ಕಾಡಿಯ ಜಾಗ ಬರೆದುಕೊಟ್ಟಿದ್ದಾನೆ. ಊರಿನಲ್ಲಿ ನಿಮ್ಮ ಮಯ್ಯತ್ತನ್ನು ನೋಡಿದವರಿಲ್ಲ, ಹೊತ್ತವರಿಲ್ಲ, ಪಳ್ಳಿಯ ದಫನಭೂಮಿಯಲ್ಲಿ ನಿಮ್ಮ ಖಬರಿಲ್ಲ. ಅರಬಿಯಲ್ಲಿರುವ ಮರಣದ ಸರ್ಟಿಫಿಕೇಟನ್ನು ಠಾಣೆಯವರು ನಂಬುವುದಿಲ್ಲ. "ಕೋಯ ಖುದ್ದು ಬಂದು ಸಹಿ ಹಾಕಿದ್ದಾರೆ, ನೋಡಿದವರು ಉಂಟು" ಎನ್ನುತ್ತಾರೆ.

ಅರ್ಜಿ ಓದಿದ ಸಾಹೇಬರು, "ತಂದೆ ಬರಲೇ ಇಲ್ಲ ಅಂತ ನಿಮಗೆ ಗ್ಯಾರಂಟಿಯಾ?" ಎಂದು ಕೇಳಿದರು.

"ಊರಿಗೆ ಬಂದ್ರೆ ಅವರು ಮೊದಲು ಪಳ್ಳಿಗೆ ಹೋಗಿ ಅಜ್ಜಿಯ ಖಬರಿಗೆ ಸಲಾಂ ಹೇಳಿ ಮತ್ತೆ ಮನೆಗೆ ಬರುವವರು ಸರ್. ಮನೆಗೆ ಬರ್ಲಿಲ್ಲ."

ಅದನ್ನು ಅವರು ಬರೆದುಕೊಳ್ಳಲಿಲ್ಲ.

ಮನೆಗೆ ಬಂದು ಉಮ್ಮನಿಗೆ, ನಿಮ್ಮನ್ನು ನೋಡಿದೆ ಎಂದ ಆ ಸಾಕ್ಷಿಯ ಹೇಳಿಕೆಯನ್ನು ಓದಿ ಹೇಳಿದೆ. ನೀವು ಬಿಳಿ ಅಂಗಿ ಹಾಕಿಕೊಂಡು ಮಧ್ಯಾಹ್ನ ಕಳೆಯುವವರೆಗೂ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ಕೂತಿದ್ದಿರಂತೆ. ಎಂಥ ಸುಳ್ಳು ಎಂದು ತೋರಿಸಲಿಕ್ಕೇ ಓದಿದ್ದು. ಬೀಡಿ ಕಟ್ಟುತ್ತಿದ್ದ ಉಮ್ಮನ ಕೈ ನಿಂತಿತು.

"ಅಷ್ಟು ಹೊತ್ತು ಕೂತಿದ್ರಾ? ಊಟ ಎಲ್ಲಿ ಮಾಡಿದ್ರಂತೆ?"

ಅದು ನೀವಲ್ಲವೆಂದು ಬೆಳಗ್ಗೆಯಿಂದ ಕಂಡವರಿಗೆಲ್ಲ ಹೇಳಿ ಬಂದ ನಾನು, "ಎದುರಿಗೇ ಹೋಟೆಲ್ ಉಂಟಲ್ಲ ಉಮ್ಮಾ, ಮೀನಿನ ಊಟ ಸಿಗ್ತದೆ" ಎಂದೆ.