ಚಲೋ ಸಪ್ಪಳ

ಬಾಗಲಕೋಟೆ
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಅಪ್ಪಾ, ಶರಣು.

ಹೇಗಿದ್ದೀರಿ? ಹೊಸ ಕಿವಿಯಂತ್ರ ಹಾಕಿಕೊಳ್ಳುತ್ತೀರೋ, ಇಲ್ಲ ಡಬ್ಬಿಯಲ್ಲೇ ಜೋಪಾನವಾಗಿದೆಯೋ? ಇಚಲಕರಂಜಿಯ ಪವರ್‌ಲೂಮಿಗೆ ಹೋದ ಮೇಲೆ ಫೋನಿನಲ್ಲಿ ಏನು ಕೇಳಿದರೂ ನಿಮ್ಮದು "ಹೂಂ, ಉಂಡೇನಿ" ಎಂಬ ಒಂದೇ ಉತ್ತರ. ಅದಕ್ಕೇ ಈ ಕಾಗದ. ಗುಳೇದಗುಡ್ಡದಲ್ಲಿ ಅವ್ವ ಆರಾಮಾಗಿದ್ದಾಳೆ, ಖಣದ ಮಗ್ಗ ನಡೆದಿದೆ. ನಾನು ಮಾತ್ರ ಇಲ್ಲಿ ಸಿಕ್ಕಿಬಿದ್ದಿದ್ದೇನೆ.

ನಮ್ಮ ಕಾಲೇಜಿನ ರಾಕೆಟ್ ಮೋಟಾರಿನ ಸುದ್ದಿ ಹೇಳಿದ್ದೆನಲ್ಲ. ಅದು ಹಾರುವುದಿಲ್ಲ, ವರ್ಕ್‌ಶಾಪಿನ ಹಿಂದೆ ನೆಲಕ್ಕೆ ಬಿಗಿದಿದ್ದೇವೆ. ಕೊಳವೆಯೊಳಗೆ ಗಟ್ಟಿ ಮೇಣ, ಒಂದು ತುದಿಯಿಂದ ಆಮ್ಲಜನಕ ಬಿಟ್ಟು ಉರಿಸುವುದು. ಹೋದ ವಾರ ಮೊದಲ ಸಲ ಹೊತ್ತಿಸಿದಾಗ ಎಲ್ಲರೂ ಬೆಂಕಿ ನೋಡಿದರು, ನಾನು ಕಿವಿಗೊಟ್ಟೆ. ದಡದಡದಡ, ಒಂದು ಪೆಟ್ಟೂ ತಪ್ಪಲಿಲ್ಲ. ಮಗ್ಗ ಬಡಿಯುತ್ತಿದ್ದರೆ ನಿದ್ದೆ ಮಾಡುತ್ತಿದ್ದವರು, ನಿಂತರೆ ದಾರ ಹರಿಯಿತೇನೋ ಎಂದು ಗಾಬರಿಯಾಗುತ್ತಿದ್ದವರು ನಾವು. "ಚಲೋ ಸಪ್ಪಳ!" ಎಂದು ಕೂಗಿದೆ. ಪರೀಕ್ಷೆಯ ರಿಜಿಸ್ಟರಿನಲ್ಲಿ ಹಾಗೇ ಬರೆದು ಸಹಿಯನ್ನೂ ಹಾಕಿದೆ. ಅದನ್ನೇ ನಂಬಿ ನಮ್ಮ ಗೈಡ್ ವಿಜಯಮಹಾಂತೇಶ ಸರ್ ಶನಿವಾರ ಎಲ್ಲರೆದುರು ಉರಿಸುವುದೆಂದು ಸಾರಿಬಿಟ್ಟರು.

ಆಮೇಲೆ ಒತ್ತಡದ ಗ್ರಾಫ್ ನೋಡಿದೆ. ಗರಗಸದ ಹಲ್ಲು, ಅಪ್ಪಾ. ಮೋಟಾರು ಒಂದೇ ಸಮನೆ ಮೊರೆಯಬೇಕು, ಬಡಿತವೇ ಅದರ ರೋಗ. ಒಳಗಿನ ಉರಿ ಆಮ್ಲಜನಕವನ್ನು ಹಿಂದಕ್ಕೆ ನೂಕುತ್ತದೆ, ತಾನೇ ಕುಗ್ಗುತ್ತದೆ, ಆಮ್ಲಜನಕ ಮತ್ತೆ ನುಗ್ಗುತ್ತದೆ, ಉರಿ ಮತ್ತೆ ಭಗ್ಗೆನ್ನುತ್ತದೆ. ಹೋದ ವಾರ ಮೂರೇ ಸೆಕೆಂಡು ಉರಿಸಿದ್ದಕ್ಕೆ ತಡೆಯಿತು. ಶನಿವಾರ ಹತ್ತು ಸೆಕೆಂಡು ಉರಿಸುತ್ತಾರಂತೆ, ಅಷ್ಟಾದರೆ ಕೊಳವೆ ಸಿಡಿಯಬಹುದು.

ಸರ್‌ಗೆ ಹೇಳಿದೆ. "ಚಲೋ ಐತಿ ಅಂತ ಬರದಾಕಿ ನೀನ. ಆಮಂತ್ರಣ ಪತ್ರಿಕಿ ಹಂಚಿದ ಮ್ಯಾಲ ಈಗ್ಯಾಕ ಅಂಜತಿ?" ಎಂದರು. ಅವರ ಸಹಿಯಿಲ್ಲದೆ ನಾನು ಪಾಸಾಗುವುದಿಲ್ಲ. ಆಮ್ಲಜನಕದ ವಾಲ್ವ್ ತಿರುಗಿಸುವವಳು ಇಳಕಲ್ಲಿನ ಅಫ್ಸಾನಾ, ನನ್ನ ರೂಮಿನವಳು. ಅವಳು ನಿಲ್ಲುವುದು ಮೋಟಾರಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಒಂದು ತಗಡಿನ ಮರೆಗೆ. ಬೇಡವೆಂದು ಕೈಹಿಡಿದು ಬೇಡಿಕೊಂಡೆ. "ಹೋದ ಸಲ ಏನರ ಆತೇನ? ನಿನ್ನ ಕಿವಿ ಮ್ಯಾಲ ನನಗ ನಂಬಿಗಿ ಐತಿ, ಬಸೂ" ಎಂದು ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು. ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿರಿ. ಬರೀ ಚುರುಮುರಿ ತಿಂದು ದಿನ ದೂಡಬೇಡಿರಿ. ಜೊತೆಯವರಿಗೆಲ್ಲ ನನ್ನ ಶರಣಾರ್ಥಿ ಹೇಳಿರಿ.

ನಿಮ್ಮ ಮಗಳು,
ಬಸವೇಶ್ವರಿ

ತಾ.ಕ.: ಲಕೋಟೆಯಲ್ಲಿ ಕೈಗೆ ಹತ್ತುವ ಹಿತ್ತಾಳೆಯ ತೂತುಬಿಲ್ಲೆ ಆ ಮೋಟಾರಿನದು. ಆಮ್ಲಜನಕ ಇದರೊಳಗಿಂದಲೇ ಹಾಯಬೇಕು. ತೂತುಗಳು ದೊಡ್ಡವಾದದ್ದೇ ತಪ್ಪು. ಇಂಥದ್ದು ಇನ್ನೊಂದಿಲ್ಲ, ಹೊಸದು ಕೊರೆಸಲು ಹದಿನೈದು ದಿನ ಬೇಕು. ಇವತ್ತು ಮಧ್ಯಾಹ್ನ ಯಾರೂ ಇಲ್ಲದಾಗ ಬಿಚ್ಚಿಕೊಂಡೆ. ವಾಪಸ್ ಕಳಿಸಬೇಡಿರಿ. ಶನಿವಾರ ಎಲ್ಲರೆದುರು ನಾನೇ ಕದ್ದೆನೆಂದು ಹೇಳುತ್ತೇನೆ. ಕಾಲೇಜಿನಿಂದ ತೆಗೆದುಹಾಕಿದರೆ ಅವ್ವನಿಗೆ ನೀವೇ ತಿಳಿಸಿರಿ, ನನ್ನಿಂದ ಆಗುವುದಿಲ್ಲ.