ನೀನು ಒಗೆದ ಕೂಸಿನ ಬಟ್ಟೆ

ಅವ್ವಾ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಇವತ್ತು ಮೊದಲ ಸಲ ಕೂಸಿನ ಬಟ್ಟೆ ಒಗೆಯಲು ನಾನೇ ಕೂತೆ. “ಬಾಣಂತಿ ತಣ್ಣೀರಾಗ ಕೈ ಇಡಬಾರದು” ಎಂದು ನೀನು ಒಂದು ದಿನವೂ ನನ್ನನ್ನು ಹಿತ್ತಲಿಗೆ ಬಿಟ್ಟಿರಲಿಲ್ಲ. ಬಟ್ಟೆಯಲ್ಲಿದ್ದ ಹೇಲು ಸುಣ್ಣದ ಹಾಗೆ ಬೆಳ್ಳಗಿತ್ತು.

ಆ ಬಟ್ಟೆಯನ್ನೇ ಚೀಲದಲ್ಲಿ ಸುತ್ತಿಕೊಂಡು, ಅಣ್ಣನ ಗಾಡಿಯಲ್ಲಿ ಸಂಕೇಶ್ವರದ ಡಾಕ್ಟರರ ಹತ್ತಿರ ಓಡಿದೆ. ಅವರು ಬಟ್ಟೆ ನೋಡಿದರು, ಕೂಸಿನ ಹಳದಿ ಕಣ್ಣು ನೋಡಿದರು.

“ಎಳಿ ಬಿಸಲಿಗೆ ಹಿಡದ್ರ ಹೋಗೋ ಕಾಮಣಿ ಅಲ್ರಿ ಇದು. ಪಿತ್ತ ಹರಿಯೋ ನಾಳ ಮುಚ್ಚಿರಬೇಕು. ಆಪರೇಷನ್ ಎರಡು ತಿಂಗಳದಾಗ ಆಗಿದ್ರ ಚಲೋ ಇತ್ತು. ಇನ್ನ ತಡಾ ಆದ್ರ ಲಿವರ್ ಉಳಿಯೂದಿಲ್ಲ. ಈಗಿಂದೀಗ ಬೆಳಗಾವಿಗೆ ಹೋಗ್ರಿ.”

ಕೂಸಿಗೆ ಮೊನ್ನೆಯೇ ಎರಡು ತಿಂಗಳು ತುಂಬಿತಲ್ಲ, ಅವ್ವಾ.

“ಸಂಡಾಸ ಯಾವಾಗಿಂದ ಹಿಂಗ ಬೆಳ್ಳಗ ಐತ್ರಿ?” ಎಂದು ಕೇಳಿದರು. ಹೆತ್ತವಳು ನಾನು, ಬಟ್ಟೆ ಒಗೆದವಳು ನೀನು.

ಈಗ ಗಾಡಿ ಯಮಕನಮರಡಿ ದಾಟುತ್ತಿದೆ. ಮಡಿಲಲ್ಲಿ ಕೂಸು, ಕೈಯಲ್ಲಿ ಫೋನು. ಓದಲು ನೀನಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬೆಳಗಾವಿಯಲ್ಲೂ ಅದನ್ನೇ ಕೇಳುತ್ತಾರೆ, ಏನು ಹೇಳಲಿ?

ಒಮ್ಮೆ ನೀನು ಹಿತ್ತಲಿನಿಂದ, “ಹಾಲ ಕುಡದು ಹಾಲನ ಹೇಲತಾಳ ನೋಡ ನಿನ್ನ ಮಗಳು” ಎಂದು ಕೂಗಿದ್ದೆ. ನಾನು ಒಳಗೆ ಹೊರಸಿನ ಮೇಲೆ ಬೆಚ್ಚಗೆ ಮಲಗಿ ನಕ್ಕಿದ್ದೆ. ಅದು ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೋ, ಆಮೇಲೋ?

ಅದೊಂದನ್ನು ಹೇಳಿಬಿಡು, ಅವ್ವಾ.